ವಾಪಸು ಬಂದ ತಾರೀಖು

ಕೋಡಿಬಾಗದಲ್ಲಿ, ಐಸ್ ಫ್ಯಾಕ್ಟರಿ ಹಿಂದಿನ ಓಣಿಯಲ್ಲಿ
ನಮ್ಮ ಕ್ಲಬ್ಬಿನದೊಂದು ತಗಡಿನ ಕೋಣೆ.
ಬೀಗದ ಕೈ ನನ್ನ ಹತ್ತಿರ,
ಅಂಚೆ ಕಚೇರಿ ಬಿಟ್ಟ ವರ್ಷದಿಂದ.

ಒಳಗೆ ಹದಿನಾಲ್ಕು ವಾಕರು, ಆರು ಗಾಲಿಕುರ್ಚಿ,
ನಾಲ್ಕು ನೀರಿನ ಹಾಸಿಗೆ, ಗೋಡೆಗೆ ಒರಗಿದ ಊರುಗೋಲುಗಳು,
ಮೂರು ಬೆಡ್‌ಪ್ಯಾನು
(ಇವುಗಳ ಮೇಲೆ ಯಾವ ಅಧ್ಯಕ್ಷರೂ ಭಾಷಣ ಮಾಡಿದ್ದಿಲ್ಲ).
ಬಾಡಿಗೆ ಇಲ್ಲ, ಠೇವಣಿ ಇಲ್ಲ.
ಹೆಸರು, ಊರು, ಸಾಮಾನು,
ಒಯ್ದ ತಾರೀಖು, ವಾಪಸು ಬಂದ ತಾರೀಖು,
ಇಷ್ಟು ಗೆರೆ ಎಳೆದ ಉದ್ದನೆ ಪುಸ್ತಕ.
ಜಾತಿ, ಆದಾಯದ ಕಾಲಂ ಬೇಡ ಅಂದವರು
ಪೆಡ್ನೇಕರ ಮಾಸ್ತರು, ಮೊದಲ ಸಭೆಯಲ್ಲೇ.
ಗೆರೆ ಎಳೆಯಲು ಸ್ಕೇಲು ಕೊಟ್ಟವರೂ ಅವರೇ.

ಸಾಮಾನಿನ ಮೇಲೆ ದಾನಿಗಳ ಹೆಸರು ಬೇಕೋ ಬೇಡವೋ
ಎಂದು ಒಮ್ಮೆ ಎರಡು ತಾಸು ಜಗಳ.
ಕೊನೆಗೆ ಕೆಂಪು ಬಣ್ಣದಲ್ಲಿ ಬರೆಸಿದೆವು.
ಕಡಲಗಾಳಿ ಎರಡೇ ಮಳೆಗಾಲದಲ್ಲಿ
ಎಲ್ಲವನ್ನೂ ಓದಿ ಮುಗಿಸಿತು.
ಈಗ ಉಳಿದದ್ದು ಮೊಳೆಯಿಂದ ಗೀರಿದ ನಂಬರು.

ಏಳನೇ ನಂಬರಿನ ವಾಕರು ಮೊದಲು ಹೋದದ್ದು
ಬೈತಖೋಲದ ಶಾಣು ತಾಂಡೇಲರ ಮನೆಗೆ.
ದೋಣಿ ಹತ್ತುವಾಗ ಜಾರಿ ಸೊಂಟ ಮುರಿದಿತ್ತು.
ಎತ್ತರದ ಆಳು; ಗುಂಡಿ ಒತ್ತಿ, ನಾಲ್ಕೂ ಕಾಲನ್ನು
ಕೊನೆಯ ತೂತಿನವರೆಗೆ ಎಳೆದುಕೊಟ್ಟೆ.
ಒಂಬತ್ತೇ ದಿನಕ್ಕೆ ಮಗ ಹಿಂದೆ ತಂದ.
ಹಿಡಿಕೆಯ ಪ್ಲಾಸ್ಟಿಕ್ ಹಾಗೇ ಇತ್ತು.
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ತಾರೀಖು ಬರೆದೆ. ನೀರು ಕೊಟ್ಟೆ.
ಕುಡಿದವನು ಮೊಣಕಾಲೂರಿ
ಒಂದೊಂದೇ ಕಾಲನ್ನು ತಗ್ಗಿಸಿಟ್ಟು ಹೋದ,
ಮುಂದಿನವರು ಗಿಡ್ಡ ಇದ್ದರೆ ಎಂದು.

ಯಾಕೆ ವಾಪಸು ಬಂತು ಎಂಬ ಗೆರೆ
ನನ್ನ ಪುಸ್ತಕದಲ್ಲಿಲ್ಲ.
ಅದನ್ನು ಬುಡದ ರಬ್ಬರು ಹೇಳುತ್ತದೆ.
ಸವೆದಿದ್ದರೆ, ನಡೆದಿದ್ದಾರೆ.
ಮರಳು ಕೂತಿದ್ದರೆ, ಕಡಲ ತನಕ ಹೋಗಿದ್ದಾರೆ.
ಸುಂಕೇರಿಯ ರೆಬೆಲ್ಲೊ ಬಾಯಿಯದರಲ್ಲಿ
ಇಗರ್ಜಿ ಮೆಟ್ಟಿಲ ಮೇಣ ಮೆತ್ತಿತ್ತು.
ತೊಡೂರಿನ ನಾಗಿ ಗೌಡಳದರಲ್ಲಿ ಗದ್ದೆ ಕೆಸರು,
ನಡೆಯುವುದಿರಲಿ, ನಟ್ಟಿಗೇ ಇಳಿದಿದ್ದಳು!
ರಬ್ಬರು ಹೊಸತಾಗಿಯೇ ಇದ್ದರೆ
ಅವತ್ತು ಬೇಗ ಬೀಗ ಹಾಕುತ್ತೇನೆ.

ಮಾರ್ಚಿನಲ್ಲಿ ಹೊಸ ಖಜಾಂಚಿ ಉಲ್ಲಾಸ ರಾಯ್ಕರ
(ಚಿನ್ನ ತೂಗುವ ಕೈ, ಗುಲಗಂಜಿಯೂ ಬಿಡದು)
ಪುಸ್ತಕದ ಮೇಲೆ ಬೆರಳಿಟ್ಟ:
“ಹನ್ನೊಂದು ಬಾಕಿ. ನಷ್ಟ ಅಂತ ಬರೆಯಲಾ?”
ಅವನ ಸ್ಕೂಟರಿನಲ್ಲೇ ಕಾಳಿ ದಾಟಿ ಮಾಜಾಳಿಗೆ ಹೋದೆವು.
ಏಳನೇ ನಂಬರು, ದ್ರೌಪದಿ ಹರಿಕಂತ್ರ,
ಒಯ್ದು ಹದಿನಾಲ್ಕು ತಿಂಗಳು.

ಅಂಗಳದಲ್ಲಿ ನಿಂತಿತ್ತು ವಾಕರು,
ತಲೆ ಮೇಲೆ ಹಳೆ ಬಲೆ, ಬಲೆಯ ಮೇಲೆ ಶೆಟ್ಲಿ,
ಸುತ್ತ ಎರಡು ಕಾಗೆ, ಕಾವಲಿಗೊಂದು ಬೆಕ್ಕು.
ಅಜ್ಜಿ ಎಲ್ಲಿ ಎಂದರೆ ಮೊಮ್ಮಗಳು ದಾರಿ ತೋರಿಸಿದಳು.
ಬುಟ್ಟಿ ಹೊತ್ತು ಬರುತ್ತಿದ್ದಳು, ಎಡಗಾಲು ತುಸು ಎಳೆಯುತ್ತ,
ನಮ್ಮನ್ನು ನೋಡಿದವಳೇ ದೂರದಿಂದಲೇ ಶುರು:
“ಈಗಲೇ ಬೇಕಾ ನಿಮಗೆ? ಶೆಟ್ಲಿ ಹಸಿ ಇದೆ.
ಬಿಸಿಲು ಇಳಿಯೋ ತನಕ ಕೂತ್ಕೊಳ್ಳಿ.”
ಕೂತೆವು.
ಉಲ್ಲಾಸ ಬಗ್ಗಿ ರಬ್ಬರು ಮುಟ್ಟಿ ನೋಡಿದ.
ಮೂರು ಕಾಲಿಗೆ ಸವೆದು ಲೋಹ ಕಂಡಿತ್ತು,
ನಾಲ್ಕನೆಯದಕ್ಕೆ ರಬ್ಬರೇ ಇರಲಿಲ್ಲ.
ಜೇಬಿನಿಂದ ಪೆನ್ನು ತೆಗೆದ, ಮತ್ತೆ ಜೇಬಿಗಿಟ್ಟ.

ಸೋಪು ಹಾಕಿ ನಾಲ್ಕು ಸಲ ತೊಳೆದೆ,
ನಿಂಬೆಹಣ್ಣು ಉಜ್ಜಿದೆ. ವಾಸನೆ ಹೋಗಲಿಲ್ಲ.
ಮುಂದಿನ ಸರದಿ ಕಾಜುಬಾಗದ ಶಿವರಾಮ ಹೆಗಡೆಯವರದು,
ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು,
ಈರುಳ್ಳಿಯನ್ನೂ ತಿನ್ನದವರು.
ಹಿಡಿಕೆ ಹಿಡಿದವರು ಮೂಗು ಅರಳಿಸಿದರು.
“ಇದು ಯಾರದಿತ್ತು?”
ಹೊಸ ರಬ್ಬರು ತುರುಕುತ್ತ ನೆಲದಿಂದಲೇ ಹೇಳಿದೆ,
“ನಡೆದವರದ್ದು.”

ಸ್ವಲ್ಪ ಹೊತ್ತು ಸುಮ್ಮನಿದ್ದರು.
“ಇನ್ನೊಂದು ತೂತು ಮೇಲೆ ಮಾಡು,” ಅಂದರು.