ಕೂತು ನೋಡು

ಅಜ್ಮಾನಿನ ಗೋದಾಮುಗಳ ಬೆನ್ನಿಗೆ ನಮ್ಮ ಶಾಲೆ.
ಒಂಬತ್ತನೇ ತರಗತಿ, ಕೊನೆಯ ಪೀರಿಯಡ್, ಏಸಿಗೆ ಕೆಮ್ಮು.
ಬಸ್ಸಿನ ಆಯಾ ಸೋಮಾವತಿಗೊಂದು ಸ್ಟೂಲು, ಇದು ಈ ಸಲದ ಕೆಲಸ:
ಮೂವತ್ತೆಂಟು ಮಕ್ಕಳ ಬೆಲ್ಟು ಬಿಗಿಯುತ್ತ
ದಿನವೂ ನಿಂತೇ ಬರುತ್ತಾಳೆ ಆಕೆ.

ಹುಡುಗರು ಟ್ಯಾಬ್ ತೆರೆದು ಚಿತ್ರ ತಿರುಗಿಸಿದರು.
ಕ್ರೋಮಿನ ಕಾಲು, ಚರ್ಮದ ಮೆತ್ತೆ, ನೆರಳು ಕೂಡ ಬಿದ್ದಿತ್ತು.
‘ಚೆಂದ’ ಎಂದೆ. ‘ಕೂರುವುದೆಲ್ಲಿ?’

ರಟ್ಟು ಬಂತು. ಲಬಾನಿನ ಡಬ್ಬ, ಟೀವಿಯ ಡಬ್ಬ,
ಒಂದರ ಮೇಲೆ ಬಾಣ: ಈ ಬದಿ ಮೇಲೆ.
ಮೊದಲನೆಯದು ರಯಾನನನ್ನು ಹೊತ್ತು
ಎರಡು ಸೆಕೆಂಡು ಯೋಚಿಸಿ ಮಂಡಿಯೂರಿತು.
ಎರಡನೆಯದರ ಅಂಟನ್ನು ಸೆಪ್ಟೆಂಬರಿನ ತೇವ ನೆಕ್ಕಿತ್ತು;
ಬೆಳಿಗ್ಗೆ ಬಂದರೆ ಮೇಜಿನ ಮೇಲೆ ಚಪಾತಿ.
ಜೋವಿಟಾ ಅತ್ತಳು, ಮಾರ್ಕು ಹೋಯಿತೆಂದು.
‘ಮುರಿದದ್ದಕ್ಕೇ ಮಾರ್ಕು, ಎಲ್ಲಿ ಮುರಿಯಿತು ಬರಿ’ ಎಂದೆ.
ನಂಬಲಿಲ್ಲ.

‘ಪ್ರೊಟೊಟೈಪಿಗೆ ಕನ್ನಡದಲ್ಲೇನು ಮಿಸ್?’
ಕೇಳಿದವನು ಶಿರಾಲಿಯ ತೌಫೀಕ್, ಮನೆಯಲ್ಲಿ ನವಾಯತಿ.
‘ಮೂಲಮಾದರಿ’ ಎಂದೆ. ಎಲೆಗೆ ಸುಣ್ಣ ಹೆಚ್ಚಾದ ಹಾಗೆ
ನಾಲಿಗೆ ಸುಟ್ಟಿತು.
ಆಮೇಲೆ ಹೊಳೆಯಿತು, ಬೇರೆ ಪದ ಯಾಕೆ,
ನಮ್ಮ ಕ್ರಿಯಾಪದದ ಬಾಲಕ್ಕೇ ಕಣ್ಣಿದೆಯಲ್ಲ:
ತಿಂದು ನೋಡು, ಎತ್ತಿ ನೋಡು,
ಮನೆ ಕಟ್ಟಿ ನೋಡು, ಮದುವೆಯ ಮಾತು ಈಗ ಬೇಡ,
ಕೂತು ನೋಡು.

ಐದನೆಯದಕ್ಕೆ ಸೋಮಾವತಿಯನ್ನೇ ಕರೆದೆವು.
ನೀಲಿ ಕೋಟಿನ ಸುಕ್ಕು ಸರಿಪಡಿಸಿ ಕೂತಳು.
‘ಗುಡ್, ವೆರಿ ಗುಡ್.’ ಚಪ್ಪಾಳೆ.
ಹಿಬಾ ಮಾತ್ರ ತಟ್ಟಲಿಲ್ಲ. ನೆಲಕ್ಕೆ ಕೆನ್ನೆಯಿಟ್ಟು ನೋಡಿ
‘ಮಿಸ್, ಅವರು ಕೂತಿಲ್ಲ’ ಎಂದಳು.

ಹೌದು. ತೊಡೆ ಸಣ್ಣಗೆ ನಡುಗುತ್ತಿತ್ತು.
ರಟ್ಟಿಗೂ ಆಕೆಗೂ ನಡುವೆ ಹಾಳೆಯೊಂದು ತೂರುವಷ್ಟು ಗಾಳಿ.
ಮಕ್ಕಳು ಮಾಡಿದ್ದು ಎಲ್ಲಿ ಮುರಿದೀತೋ ಎಂದು
ತನ್ನ ಭಾರ ತಾನೇ ಹೊತ್ತು
ನಗುತ್ತಿದ್ದಳು.

ಹನ್ನೆರಡು ವರ್ಷದಿಂದ ಕಲಿಸುತ್ತಿದ್ದೇನೆ.
ನಾನು ನೋಡಿದ್ದು ಬಾಯಿಯನ್ನು.

ರಯಾನ್ ಹೋಗಿ ಅದರ ಮೇಲೆ ಧಡ್ಡನೆ ಕೂತ.
‘ಮುರಿಯಲಿ ಆಂಟಿ, ಮುರಿಯಲೆಂದೇ ಮಾಡಿದ್ದು.’
ಮುರಿಯಿತು. ಎಡಗಾಲು, ಮಡಿಕೆಯ ಹತ್ತಿರ.
ಜೋವಿಟಾ ಬರೆದುಕೊಂಡಳು.

ಏಳನೆಯದು ಈಗ ನನ್ನ ಕೋಣೆಯ ಮೂಲೆಯಲ್ಲಿದೆ.
ಬಸ್ಸಿನಲ್ಲಿಡಲು ಅನುಮತಿ ಕೇಳಿದ ಪತ್ರಕ್ಕೆ ಉತ್ತರವಿಲ್ಲ.
ಮಧ್ಯಾಹ್ನ, ಗಂಟೆ ಹೊಡೆಯುವ ಮುನ್ನ,
ಸೋಮಾವತಿ ಒಮ್ಮೊಮ್ಮೆ ಒಳಗೆ ಬಂದು ಬಾಗಿಲು ಒರಗಿಸುತ್ತಾಳೆ.
ರಟ್ಟು ಕಿರ್ರೆನ್ನುತ್ತದೆ, ಪೂರ್ತಿ.
ನಾನು ಉತ್ತರಪತ್ರಿಕೆಯಿಂದ ತಲೆ ಎತ್ತುವುದಿಲ್ಲ.