ಮಂಡಕ್ಕಿಯನ್ನು ತೂಗುವುದಿಲ್ಲ

ಪುಸ್ತಕದ ಲೆಕ್ಕದಲ್ಲಿ ಸಾಲ ಮಾಡುವವನಿಗೆ
ಕಾರಣವಿರುವುದಿಲ್ಲ.
ಐದು ಸಾವಿರ, ಮೂರು ವರ್ಷ, ನೂರಕ್ಕೆ ಎಂಟು.
ತಗೊಂಡ, ಕೊಟ್ಟ, ಮುಗೀತು.
ಕೊನೇ ಬೆಂಚಿನ ಹಾಲೇಶ ಕೈ ಎತ್ತಿದ:
'ಮಿಸ್, ಅವನು ಯಾಕೆ ಸಾಲ ತಗಂಡ?'
ಅದೆಲ್ಲ ಬೇಡ, ಬಡ್ಡಿ ಎಷ್ಟು ಹೇಳು, ಎಂದೆ.
ಎಂದ ಮೇಲೆ ನನ್ನ ದನಿ ನನಗೇ
ಬ್ಯಾಂಕಿನವರ ದನಿಯಂತೆ ಕೇಳಿತು.

ನಾನು ಯಾಕೆ ತಗಂಡೆ?
ಆಜಾದ್ ನಗರದ ಹಿಂದಿನ ಓಣಿ, ಅಬ್ಬನ ಭಟ್ಟಿ,
ಹೊಟ್ಟಿನ ಹೊಗೆಗೆ ಬಾಗಿಲು ಅರ್ಧ ಮುಂದೆ ಮಾಡಿಕೊಂಡು
ಫಾರಂ ತುಂಬಿದೆ:
ಬಿ.ಎಡ್., ಎರಡು ವರ್ಷ, ಒಂದು ಲಕ್ಷ ಎಂಬತ್ತು ಸಾವಿರ.
'ಉದ್ದೇಶ' ಎಂಬ ಗೆರೆಯ ಮೇಲೆ 'ಶಿಕ್ಷಣ' ಎಂದು ಬರೆದೆ.
ನಿಜವಾದದ್ದು ಅಷ್ಟು ಗಿಡ್ಡ ಗೆರೆಯಲ್ಲಿ ಹಿಡಿಯುತ್ತಿರಲಿಲ್ಲ.
ಸೀರೆ ಅಂಗಡಿಯಲ್ಲಿ ದಿನಕ್ಕೆ ಇನ್ನೂರು ಬಿಚ್ಚಿ
ಇನ್ನೂರು ಮಡಚಿ,
ಬಿಲ್ಲಿನ ಹಿಂಬದಿಯಲ್ಲಿ
ಲಾಭ ನಷ್ಟದ ಪಾಠ ಹೇಗೆ ಶುರು ಮಾಡಬೇಕೆಂದು
ಬರೆದಿಟ್ಟುಕೊಳ್ಳುತ್ತಿದ್ದೆ.
ಬರಿ ಅಂತ ಯಾರೂ ಹೇಳಿರಲಿಲ್ಲ.

ಈಗ ಮೂರನೇ ವರ್ಷ.
ಸಂಬಳ ಹನ್ನೊಂದು ಸಾವಿರ, ಹತ್ತೇ ತಿಂಗಳು.
ಏಪ್ರಿಲ್, ಮೇ ಶಾಲೆಗೆ ರಜೆ; ಬ್ಯಾಂಕಿಗಿಲ್ಲ.
ಕಂತು ಮೂರು ಸಾವಿರದ ಮೂವತ್ತೈದು,
ಐದನೇ ತಾರೀಕು. ಸಂಬಳ ಹತ್ತಕ್ಕೆ, ಕೆಲವು ಸಲ ಹದಿನೈದಕ್ಕೆ.
ಆ ನಡುವಿನ ದಿನಗಳಲ್ಲಿ ಲೋಕದಲ್ಲಿ ನನ್ನನ್ನು
'ಪ್ರಿಯ' ಎಂದು ಕರೆಯುವವರು ಬ್ಯಾಂಕಿನವರೊಬ್ಬರೇ.
ವರ್ಷಕ್ಕೆ ಕೈಯಲ್ಲಿ ನಿಲ್ಲುವುದು
ಎಪ್ಪತ್ತಮೂರು ಸಾವಿರದ ಐನೂರ ಎಂಬತ್ತು.
ಸೀರೆ ಅಂಗಡಿಯ ಏಳು ಸಾವಿರ ಹನ್ನೆರಡು ತಿಂಗಳಿಗೆ
ಎಂಬತ್ನಾಲ್ಕು.
ದೀಪಾವಳಿಗೆ ಒಂದು ಸೀರೆ ಬೇರೆ.

ಟಿಇಟಿ ಪಾಸಾಗಿದ್ದೇನೆ. ಸರ್ಕಾರದವರು ಕರೆಯುತ್ತಾರಂತೆ.
ಈ 'ಅಂತೆ' ಯಾವ ಕಾಲಕ್ಕೆ ಸೇರಿದ್ದು ಸರ್, ಎಂದು
ಕನ್ನಡದ ಶಂಕರಲಿಂಗಪ್ಪ ಮೇಷ್ಟ್ರನ್ನು ಕೇಳಿದೆ. ನಕ್ಕರು.
ಅವರಿಗೂ ಒಂದು ಸಾಲ ಇದೆ.
ಅಂತೆ ಸೇರಿ ಸೇರಿ ಕಂತೆಯಾಗುತ್ತದೆ.
ಕಂತು ಮಾತ್ರ ಕಂತೇ.

ಅಬ್ಬ ಲೆಕ್ಕ ಕೇಳುವುದಿಲ್ಲ.
ಕಾದ ಮರಳಿಗೆ ಅಕ್ಕಿ ಸುರಿಯುತ್ತಾರೆ, ಕಣ್ಣು ಕಿರಿದು ಮಾಡಿ ಆಡಿಸುತ್ತಾರೆ,
ಜರಡಿಯ ಮೇಲೆ ಬೆಳ್ಳಗೆ ಗುಡ್ಡೆ ಬೀಳುತ್ತದೆ.
'ಒಂದು ಸೇರು ಹಾಕಿದ್ರೆ ಎಷ್ಟೋ ಸೇರು ಆಗ್ತದೆ.
ತಕ್ಕಡಿಗೆ ಇಟ್ರೆ ಅಷ್ಟೇ ತೂಕ, ಒಂಚೂರು ಕಮ್ಮೀನೇ.
ಅದಕ್ಕೇ ಮಂಡಕ್ಕೀನ ತೂಗಬಾರದು ಬೇಟಾ,
ಅಳೀಬೇಕು.'
ನನ್ನ ಬಗ್ಗೆ ಹೇಳಿದ್ದಲ್ಲ. ಅಬ್ಬನಿಗೆ ಉಪಮೆ ಬರುವುದಿಲ್ಲ,
ಮಂಡಕ್ಕಿಯ ಬಗ್ಗೆಯೇ ಹೇಳಿದ್ದು.
ಬ್ಯಾಂಕಿನಲ್ಲಂತೂ ಸೇರು ಇಟ್ಟಿಲ್ಲ.

ಮರುದಿನ ಪುಸ್ತಕ ಮುಚ್ಚಿಸಿ ಬೋರ್ಡಿನ ಮೇಲೆ ಬರೆದೆ:
ಒಬ್ಬಾಕೆ ಏಳು ವರ್ಷದ ಸಾಲ ಮಾಡಿ ಕೆಲಸ ಬದಲಿಸಿದಳು.
ಎರಡೂ ಸಂಬಳ ಬರೆದೆ. ಕಂತು ಬರೆದೆ.
ಹೆಸರು ಬರೆಯಲಿಲ್ಲ.
ನಷ್ಟ ಮಿಸ್, ನಷ್ಟ, ಎಂದಿತು ಅರ್ಧ ಕ್ಲಾಸು.
ಹಾಲೇಶ ಗಂಟೆ ಹೊಡೆಯುವ ತನಕ ಬೆರಳು ಮಡಚಿದ.
'ಏಳು ವರ್ಷ ಲಾಸೇ ಮಿಸ್. ಆಮೇಲೆ ವರ್ಷಕ್ಕೆ ಇಪ್ಪತ್ತಾರು ಸಾವಿರ ಜಾಸ್ತಿ.
ಹತ್ತನೇ ವರ್ಷಕ್ಕೆ ಸರಿ ಹೋಗ್ತದೆ,
ಅಲ್ಲೀ ತಂಕ ಕೆಲಸ ಇದ್ರೆ.'
ಆಮೇಲೆ, ನೋಟ್‌ಬುಕ್ ಕೊಡುತ್ತಾ, ಮೆಲ್ಲಗೆ:
'ಆಕೀನೂ ಯಾಕೆ ತಗಂಡ್ಲು ಅಂತ ಕೊಟ್ಟಿಲ್ಲ ನೀವು.'

ರಾತ್ರಿ ತಿದ್ದಲು ಕೂತೆ.
ಕ್ರಮ ಸರಿ, ಕಳೆಯುವುದು ಸರಿ, ಉತ್ತರ ಸರಿ.
ಉತ್ತರದ ಮುಂದೆ 'ರೂಪಾಯಿ' ಎಂದು ಬರೆಯುವುದನ್ನು ಮರೆತಿದ್ದ.
ಅರ್ಧ ಅಂಕ ಕಳೆಯಬೇಕು.

ಕಳೆಯಲಿಲ್ಲ.