ಸುಲ್ತಾನ್ ಪೇಟೆಯಲ್ಲಿ ಬೈಂಡಿಂಗ್

ಐದು ಪ್ರತಿ ಎದೆಗವಚಿಕೊಂಡು ಅಂಗಡಿ ಹೊಕ್ಕೆ.
ಕತ್ತರಿಸುವ ಯಂತ್ರ ಒಮ್ಮೆ ಇಳಿದರೆ
ಇನ್ನೂರು ಹಾಳೆಗೂ ಒಂದೇ ಅಂಚು.
ದಸ್ತಗೀರ್ ಸಾಬರು ಪುಸ್ತಕದ ಬೆನ್ನಿಗೆ ಮೈದಾ ಅಂಟು ಸವರುತ್ತ ಕೇಳಿದರು:
"ಆರು ವರ್ಷ ಬರೆದೆ ಅಂತೀರಿ.
ಏನಮ್ಮಾ ಇದರೊಳಗೆ?"

ಒಂದು ಗೆರೆ, ಸಾಬರೇ. ಎರಡು ತುದಿ.
ಈ ತುದಿಯಲ್ಲಿ ಇಷ್ಟಿರಬೇಕು, ಆ ತುದಿಯಲ್ಲಿ ಅಷ್ಟು:
ಅದು ಕರಾರು.
ನಡುವೆ ನಡೆಯುವ ಬಗೆಯನ್ನು ಸಮೀಕರಣ ಹೇಳುತ್ತದೆ.
ಅದರ ನೆತ್ತಿಯ ಮೇಲೊಂದು ಎಪ್ಸಿಲಾನ್,
ಸಾಸಿವೆಯನ್ನು ಸಾವಿರ ಸೀಳಿದರೆ ಸಿಗುವಷ್ಟು.
ಬಿಟ್ಟರೇನು ಅನಿಸುತ್ತದೆ.
ಬಿಟ್ಟರೆ ಸಮೀಕರಣ ಒಂದು ಮೆಟ್ಟಿಲು ಇಳಿದು
ಒಂದೇ ತುದಿಗೆ ನಿಯತ್ತಾಗಿರುತ್ತದೆ;
ಇನ್ನೊಂದು ತುದಿಗೆ ಕೊಟ್ಟ ಮಾತು
ಕೇಳುವವರಿಲ್ಲದೆ ನಿಂತಿರುತ್ತದೆ.

ಬಿಡದಿದ್ದರೋ, ಹಾಲು ಕಾಯಿಸಿದ ಹಾಗೆ.
ನೋಡುತ್ತ ನಿಂತಷ್ಟು ಹೊತ್ತೂ ಸುಮ್ಮನೆ,
ಮಸಿಬಟ್ಟೆಗೆ ಕೈ ಚಾಚುವಷ್ಟರಲ್ಲಿ
ಒಲೆಯ ತುಂಬ.
ಇದ್ದಬದ್ದ ಬದಲಾವಣೆಯೆಲ್ಲ
ತುದಿಯ ಕೂದಲೆಳೆ ಜಾಗದಲ್ಲಿ.

"ಇಷ್ಟಕ್ಕೇ ಆರು ವರ್ಷಾನಾ?"

ಇಷ್ಟಕ್ಕಲ್ಲ. ನನ್ನದರಲ್ಲಿ ಅನುಕಲನವೂ ಇದೆ.
ಅಂದರೆ, ಪ್ರತಿ ಬಿಂದುವೂ
ಹೆಜ್ಜೆ ಎತ್ತುವ ಮೊದಲು ಇಡೀ ಗೆರೆಯ ಲೆಕ್ಕ ಕೇಳುತ್ತದೆ.
ಆ ಕೂದಲೆಳೆ ಇನ್ನೂ ಸಣ್ಣಗಾಗಲಿ, ಆಗುತ್ತಲೇ ಹೋಗಲಿ,
ಅದರೊಳಗಿನ ಏರು ಅಷ್ಟಷ್ಟೇ ಕಡಿದಾಗುತ್ತದೆ.
ಅಗಲಕ್ಕೂ ಏರಿಗೂ ಗುಣಾಕಾರ ಮಾಡಿದರೆ
ಸೊನ್ನೆ ಬರುವುದಿಲ್ಲ.
ಎಪ್ಸಿಲಾನ್ ಪೂರ್ತಿ ಅಳಿದ ಮೇಲೂ
ಮೊತ್ತದಲ್ಲಿ ಒಂದು ಬಾಕಿ.
ಅದನ್ನು ಸೇರಿಸದೆ ಬರೆದ ಉತ್ತರ
ಚೆಂದವಾಗಿರುತ್ತದೆ, ತಪ್ಪಾಗಿರುತ್ತದೆ.

ಸಾಬರು ಬ್ರಷ್ಷು ಡಬ್ಬಿಯಲ್ಲಿಟ್ಟು
ಬಲಗೈ ಎತ್ತಿ ತೋರಿಸಿದರು.
ಉಂಗುರದ ಬೆರಳು. ಉಗುರಿನ ಜಾಗದಲ್ಲಿ ಬರೀ ನುಣುಪು.
"ಇಪ್ಪತ್ತಾರು ವಯಸ್ಸು ನಂಗೆ.
ಬ್ಲೇಡ್ ಇಳಿದಿದ್ದು ಕಣ್ಣು ಮುಚ್ಚಿ ಬಿಡೋ ಅಷ್ಟು ಹೊತ್ತು.
ನಲವತ್ತು ವರ್ಷ ಆಯ್ತು.
ಇವತ್ತಿಗೂ ಕಾಗದ ದಪ್ಪನಾ ತೆಳುವಾ ನೋಡಕ್ಕೆ
ಈ ಬೆರಳೇ ಮೊದಲು ಮುಂದೆ ಬರ್ತದೆ,
ಇಲ್ಲದೇ ಇರೋ ತುದಿಯಿಂದ ಮುಟ್ಟಿ ನೋಡ್ತದೆ.
ಇದೇನಮ್ಮಾ ನಿಮ್ಮ ಬಾಕಿ?"

ಮುಂದಿನ ತಿಂಗಳು ಮೂವರು ಪರೀಕ್ಷಕರು ಬರುತ್ತಾರೆ.
ಇದನ್ನು ಅವರು ಕೇಳಲಾರರು.

ರಟ್ಟು ಹಾಕುವ ಮುನ್ನ ಪುಟ ತಿರುವಿದೆ.
ಅರವತ್ತೊಂದರಲ್ಲಿ, ಅಂಚಿಗೆ ತೀರ ಒತ್ತಿ ಕೂತಿದ್ದ ಸಾಲಿನ
ಕೊನೆಯ ಎಪ್ಸಿಲಾನ್ ಇಲ್ಲ.
"ಅಯ್ಯೋ, ಜಾಸ್ತಿ ಹೋಯ್ತಾ? ಒಂದು ಕೂದಲೆಳೆ ಅಷ್ಟೇ..."
ಎಂದವರು ನಾಲಗೆ ಕಚ್ಚಿಕೊಂಡು
ಕಿವಿಯ ಮೇಲಿನ ಪೆನ್ನು ಕೊಟ್ಟರು.

ಹೊರಗೆ ರೀಮು ರೀಮು ಕಾಗದ ಹೊತ್ತ ಲಗೇಜ್ ಆಟೋ
ಕೈಗಾಡಿಯೊಂದಕ್ಕೆ ಹಾರ್ನ್ ಹೊಡೆಯುತ್ತಲೇ ಇತ್ತು.
ಒಂದೊಂದೇ ಪ್ರತಿ ತೆರೆದು
ಉಳಿದಿದ್ದ ಇಷ್ಟೇ ಇಷ್ಟು ಬಿಳಿಯಲ್ಲಿ
ಆ ಪುಟ್ಟ ಅಕ್ಷರ ಬರೆದೆ.
ನಾಲ್ಕನೆಯದರಲ್ಲಿ ಶಾಯಿ ಸ್ವಲ್ಪ ಹರಡಿತು.
ಹಾಗೇ ಬಿಟ್ಟೆ.